ಬಾವುಟಗುಡ್ಡೆಯ ಚಾಪೆಲ್, ರೋಮಿನ ಚರ್ಚು

ನಾವು ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಅಲೋಶಿಯಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಪರೀಕ್ಷೆಯ ಬೆಳಿಗ್ಗೆ ಜಾತಿಮತ ಎನ್ನದೆ ಅಲ್ಲಿನ ಪ್ರಾರ್ಥನಾಮಂದಿರವಾದ ಚಾಪೆಲ್ಲಿಗೆ ಹೋಗಿ ಒಂದು ಗಳಿಗೆ ಕೂತು ಬರುತ್ತಿದ್ದೆವು. ಇಟಲಿಯಿಂದ ಬಂದ, ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ (ಜೆಸ್ವಿಟ್) ಬ್ರದರ್ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಒಳಭಾಗವನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದರು: ಗೋಡೆಗೆ ಹಸಿ ಗಾರೆಯ ಮೇಲೆ ಬಣ್ಣ, ಮೇಲ್ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ತಲೆಯೆತ್ತಿದರೆ ಸಂತ ಅಲೋಶಿಯಸ್ ಗೊಂಜಾಗರ ಬದುಕು ಕಾಣುತ್ತಿತ್ತು. ಅದರಲ್ಲಿ ಪ್ಲೇಗ್ ರೋಗಿಗಳ ಆರೈಕೆಯ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಆ ಸೇವೆಯಲ್ಲೇ ರೋಗ ತಗಲಿ ಅವರು 1591ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 23.

ವರ್ಷಗಳ ಮೇಲೆ ಕೆಲಸದ ನಿಮಿತ್ತ ರೋಮಿಗೆ ಹೋದಾಗ, ಅವರ ಸಮಾಧಿಯಿರುವ ಸಂತ ಇಗ್ನೇಷಿಯಸ್ ಚರ್ಚನ್ನು ಹುಡುಕಿಕೊಂಡು ಹೋದೆ. ಒಳಗೆ ಕಾಲಿಟ್ಟವನು ಸಮಾಧಿಯನ್ನು ಮರೆತು ಮೇಲೆ ನೋಡುತ್ತಾ ನಿಂತುಬಿಟ್ಟೆ. ಗೋಡೆಯ ಕಂಬಗಳು ಛಾವಣಿಯನ್ನು ದಾಟಿ ಆಕಾಶದವರೆಗೆ ಎದ್ದಿದ್ದವು. ನಿಜವಾದ ಕಂಬ ಎಲ್ಲಿ ಮುಗಿಯಿತು, ಬಣ್ಣದ ಕಂಬ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯದು. ಹದಿನೇಳನೇ ಶತಮಾನದ ಯುರೋಪಿನ ವೈಭವದ ಶೈಲಿಯಾದ ಬರೋಕ್ ಚಿತ್ರಕಲೆಯ ಕಸುಬೇ ಇದು. ಬರೆದವರು ಆಂದ್ರೆಯಾ ಪೊಜ್ಜೋ. ಅವರೂ ಮೊಸ್ಕೇನಿಯಂತೆ ಯೇಸುಸಭೆಯ ಬ್ರದರ್. ಕ್ರಿಸ್ತನಿಂದ ಹೊರಟ ಬೆಳಕು ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸರನ್ನು ಮುಟ್ಟಿ, ಅಲ್ಲಿಂದ ನಾಲ್ಕು ಖಂಡಗಳಿಗೆ ಹರಿಯುತ್ತದೆ. ಏಷ್ಯಾ ಒಂಟೆಯ ಮೇಲೆ ಕೂತ ಹೆಣ್ಣು. ಆ ಮೂಲೆಯನ್ನು ನೋಡುವಾಗ ಬಾವುಟಗುಡ್ಡೆಯನ್ನು ನೆನೆಯದೆ ಇರಲು ನನ್ನಿಂದಾಗಲಿಲ್ಲ.

ಇನ್ನೂ ಮುಂದೆ ಒಂದು ಗುಮ್ಮಟ. ಅಸಲಿಗೆ ಅಲ್ಲಿ ಗುಮ್ಮಟ ಕಟ್ಟಲೇ ಇಲ್ಲ. 1685ರಲ್ಲಿ ಪೊಜ್ಜೋ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಅದನ್ನು ಚಿತ್ರಿಸಿ ಮೇಲೇರಿಸಿದರು. ನೆಲದಲ್ಲಿ ಗುರುತಿಗೆಂದು ಕೂರಿಸಿದ ಅಮೃತಶಿಲೆಯ ಬಿಲ್ಲೆಯ ಮೇಲೆ ನಿಂತರೆ ಅದು ಎತ್ತರಕ್ಕೆ ಏರುತ್ತದೆ. ಮುಂದೆ ನಡೆದರೆ ವಾಲಿ ಕುಸಿದಂತೆ ಕಾಣುತ್ತದೆ. ಹಿಂದೆ ಮುಂದೆ ನಡೆದು ಮತ್ತೆ ಮತ್ತೆ ನೋಡಿದೆ.

ಬಲಗಡೆಯ ಪೀಠದಲ್ಲಿ ನಮ್ಮ ಅಲೋಶಿಯಸ್. ಮೇಲೆ ಪಿಯರ್ ಲ ಗ್ರೋ ಕೆತ್ತಿದ ಬಿಳಿ ಶಿಲ್ಪ, ಕೆಳಗೆ ನೀಲಿ ಕಲ್ಲಿನ ಪೆಟ್ಟಿಗೆಯಲ್ಲಿ ಅವರ ಅವಶೇಷಗಳು. ವೈಭವ ಬಹಳ. ಆದರೂ ಪ್ಲೇಗ್ ರೋಗಿಯ ಪಕ್ಕದಲ್ಲಿರುವ ನಮ್ಮ ಚಾಪೆಲ್ಲಿನ ಅಲೋಶಿಯಸರೇ ನನಗೆ ಹೆಚ್ಚು ಹತ್ತಿರ.

ಪೊಜ್ಜೋ ಹೆಸರು ಲೋಕಕ್ಕೆಲ್ಲ ಗೊತ್ತು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಈಗ ಓದುತ್ತಿರುವವರು ಚಾಪೆಲ್ಲಿನ ಒಂದೊಂದು ಚಿತ್ರದ ಕೆಳಗೂ ನಿಂತು ನೋಡಿ, ಕೇಳಿ ತಿಳಿದು, ಅವರ ಬಗ್ಗೆ ಇದೇ ಪತ್ರಿಕೆಯಲ್ಲಿ ಕನ್ನಡದಲ್ಲಿ ವಿವರವಾಗಿ ಬರೆಯಲಿ ಎಂಬುದು ನನ್ನ ಆಸೆ.