ಅಡಿಕೆಗೂ ಧಾರಣೆ ಇದೆಯಾ?

ಹೋದ ವಾರ ಊರಿಂದ ಬಂದವರ ಕೈಲಿ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದಳು. ಬಾಟಲಿಗೆ ಕನ್ನಡ ಪೇಪರ್ ಸುತ್ತಿತ್ತು. ಬಿಚ್ಚಿ ಕಸದ ಡಬ್ಬಿಗೆ ಹಾಕುವುದರಲ್ಲಿದ್ದೆ. ಮೇಲಿನ ಮನೆಯ ಹುಡುಗಿ "ಕೊಡಿ, ಕೊಡಿ" ಎಂದು ಕೈ ಚಾಚಿದಳು.

ಅವಳು ಇಲ್ಲೇ, ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಭಾರತದ ಭಾಷೆ, ಸಂಸ್ಕೃತಿ ಓದುತ್ತಾಳೆ. ಎರಡನೇ ಸೆಮಿಸ್ಟರ್. ಹೈಡೆಲ್‌ಬರ್ಗ್‌ನಲ್ಲಿ 1962ರಿಂದ ದೊಡ್ಡ ದಕ್ಷಿಣ ಏಷ್ಯಾ ಸಂಸ್ಥೆಯೇ ಇದೆ. ಆದರೂ ಕನ್ನಡ ಸಿಗುತ್ತದೆ ಅಂತ ಈ ಊರನ್ನೇ ಆರಿಸಿಕೊಂಡಳಂತೆ. ನಮ್ಮ ಕನ್ನಡ ವಿದ್ವಾಂಸ ಬಿ.ಎ. ವಿವೇಕ ರೈ ಅವರೂ ಇಲ್ಲಿ ಪಾಠ ಮಾಡಿದವರು.

ಎಣ್ಣೆ ಹತ್ತಿದ ಪೇಪರನ್ನು ಮೇಜಿನ ಮೇಲೆ ಹರವಿದಳು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದಳು. ಅ-ಡಿ-ಕೆ. ಧಾ-ರ-ಣೆ. ಆಮೇಲೆ ತಲೆ ಎತ್ತಿ, "ಅಡಿಕೆಗೂ ಧಾರಣೆ ಇದೆಯಾ?" ಅಂದಳು. ಸಂಸ್ಕೃತ ಕ್ಲಾಸಲ್ಲಿ ಅವಳು ಕಲಿತ ಧಾರಣೆ ಯೋಗದ್ದು, ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು. ನಮ್ಮ ಕಡೆ ಧಾರಣೆ ಅಂದ್ರೆ ಪೇಟೆಯ ರೇಟು ಎಂದೆ. ಖುಷಿಯಿಂದ ಬರೆದುಕೊಂಡಳು.

ಬೆರಳು ಕೆಳಗಿಳಿಯಿತು. ರಾಶಿ, ಬೆಟ್ಟೆ, ಸರಕು, ಗೊರಬಲು: ಅಡಿಕೆಯ ಬಗೆಗಳ ಹೆಸರು. "ಬೆಟ್ಟೆಗೂ ಗೊರಬಲಿಗೂ ಏನು ವ್ಯತ್ಯಾಸ?"

ನನಗೆ ಹೇಳಲು ಬರಲಿಲ್ಲ. ಸಾಗರದ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ಅಪ್ಪ ದಿನಾ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಮೊದಲು ನೋಡುತ್ತಿದ್ದದ್ದೇ ಈ ಕಾಲಂ. ಜೋರಾಗಿ ಓದುತ್ತಿದ್ದರು. ಕಿವಿಯಲ್ಲಿ ಪದಗಳು ಉಳಿದಿವೆ, ಅರ್ಥ ಕೇಳಿಟ್ಟುಕೊಂಡಿಲ್ಲ.

"ನೀವು ಕನ್ನಡ ಎಲ್ಲಿಯವರೆಗೆ ಓದಿದ್ದೀರಿ?" ಸುಮ್ನೆ ಕೇಳಿದಳು. ನನಗೆ ಚುಚ್ಚಿತು. ಎಸ್ಸೆಸ್ಸೆಲ್ಸಿ ತನಕ, ಅಷ್ಟೇ. ಪಿಯುಸಿಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಸಂಸ್ಕೃತ ತಗೊಂಡೆ. ಉತ್ತರ ಕನ್ನಡದಲ್ಲೇ ಬರೆಯಬಹುದಿತ್ತು. ಮಾರ್ಕ್ಸ್ ಬಂತು. ಸಂಸ್ಕೃತ ಬರಲಿಲ್ಲ, ಕನ್ನಡ ಅಲ್ಲಿಗೇ ನಿಂತಿತು. ನನ್ನ ಗೆಳತಿಯೊಬ್ಬಳು ಕನ್ನಡ ಎಂ.ಎ.ಗೆ ಸೇರಿದಾಗ ಕೇಳದವರಿಲ್ಲ: "ಯಾಕೆ, ಬೇರೆ ಏನೂ ಸಿಗಲಿಲ್ವಾ?" ನಾನೂ ಮನಸ್ಸಲ್ಲಿ ಹಾಗೇ ಅಂದುಕೊಂಡಿದ್ದೆ. ಈ ಹುಡುಗಿಯನ್ನು ಅವಳ ಮನೆಯಲ್ಲಿ ಯಾರೂ ಹಾಗೆ ಕೇಳಿಲ್ಲ. ಅವಳ ಅಮ್ಮ ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಹೆಮ್ಮೆಯಿಂದ "ನಮಸ್ಕಾರ" ಅನ್ನುತ್ತಾರೆ.

ಜರ್ಮನರು ನಮ್ಮವರನ್ನು ಹೀಗೆ ಪದ ಕೇಳುವುದು ಹೊಸದೇನಲ್ಲ. ಕಿಟ್ಟೆಲ್ ಇದೇ ದೇಶದಿಂದ ಬಂದು ವರ್ಷಗಟ್ಟಲೆ ಪದ ಕೂಡಿಸಿದರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಹುಡುಗಿಯ ಫೋನಿನಲ್ಲೂ ಅದಿದೆ. ಅಂದು ಹೇಳಿಕೊಟ್ಟವರು ನಮ್ಮ ಜನರೇ, ಅವರಿಗೆ ತಮ್ಮ ಪದ ಗೊತ್ತಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಬೆಟ್ಟೆ, ಗೊರಬಲು ಅಂದ ಕೂಡಲೇ ಅವರ ದನಿ ಬದಲಾಯಿತು. ಅರ್ಧ ಗಂಟೆ ಹೇಳಿದರು. ನಾನು ಬರೆದುಕೊಂಡೆ. ಕೊನೆಗೆ ಅವರೇ ಅಂದರು:

"ಫೋನಲ್ಲಿ ಎಷ್ಟು ಹೇಳಿದ್ರೂ ಅಷ್ಟೇ. ಅಡಿಕೆ ಕೊನೆಕೊಯ್ಲಿಗೆ ಅವಳನ್ನ ಕರ್ಕೊಂಡು ಬಾ. ಸುಲಿಯುವಾಗ ಕೈಯಲ್ಲಿ ಕೊಟ್ಟೇ ತೋರಿಸ್ತೀನಿ. ನೀನೂ ಕೂತು ನೋಡು."