ರ, ಗ, ಸ, ದ, ಅ

ಹದಿನಾಲ್ಕು ವರ್ಷದಿಂದ ನಾನು ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಆಗಸ್ಟ್ ಶುರುವಿನ ಒಂದು ಶನಿವಾರ ನಮ್ಮ ಹೆಡ್‌ಮಾಸ್ಟರ್ ಕರೆದು, "ನಲಿಕಲಿ ಮೇಡಂ ಒಂದು ವಾರ ತರಬೇತಿಗೆ ಹೋಗ್ತಾರೆ. ಆ ಮಕ್ಕಳನ್ನ ನೀವೇ ನೋಡ್ಕೊಳ್ಳಿ ಸರ್" ಎಂದರು. ಒಂದು, ಎರಡು, ಮೂರನೇ ತರಗತಿ ಸೇರಿ ಇಪ್ಪತ್ಮೂರು ಮಕ್ಕಳು. ಎಲ್ಲರಿಗೂ ಒಂದೇ ಕೋಣೆ.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು. ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂತು ನಲಿಯುತ್ತ ಕಲಿಯುವ ಈ ನಲಿಕಲಿ ಪದ್ಧತಿ ಹುಟ್ಟಿದ್ದೇ ಇಲ್ಲಿ, 1995ರಲ್ಲಿ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿ ಕಾರ್ಡುಗಳ ಮೂಲಕ ಪಾಠ ನಡೆಯುವುದನ್ನು ನೋಡಿ ಬಂದು ಶುರುಮಾಡಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಇಷ್ಟು ಗೊತ್ತಿದ್ದರೂ ನಾನು ಆ ಕೋಣೆಯಲ್ಲಿ ಒಂದು ಗಂಟೆಯೂ ಕೂತವನಲ್ಲ.

ಮೇಡಂ ಹೋಗುವ ಮುಂಚೆ ಒಂದು ಹಾಳೆ ಕೊಟ್ಟಿದ್ದರು. ಒಂದನೇ ತರಗತಿಯವರು ಮೊದಲ ಐದು ಅಕ್ಷರದಲ್ಲಿದ್ದಾರೆ: ರ, ಗ, ಸ, ದ, ಅ. ನನಗೆ ಅದು ಸರಿ ಕಾಣಲಿಲ್ಲ. ನಾವೆಲ್ಲ ಅ, ಆ, ಇ, ಈ ಅಂತ ಸಾಲಾಗಿ ತಿದ್ದಿ ಕಲಿತವರು, ಅಲ್ವಾ? ಭಾನುವಾರ ರಾತ್ರಿ ಸುಮ್ನೆ ಕೂತು ಆ ಐದರಿಂದ ಎಷ್ಟು ಪದ ಆಗುತ್ತೆ ನೋಡೋಣ ಅಂತ ಬರೆಯತೊಡಗಿದೆ. ಸರ, ದರ, ರಸ, ಅರಸ, ಅಗಸ, ಗರಗಸ, ದಸರ, ಸರಸರ, ದರದರ. ಬರೆಯುತ್ತ ಬರೆಯುತ್ತ ಪೆನ್ನು ಕೆಳಗಿಟ್ಟೆ. ಅ ಆ ಇ ಈ ಉ ಎಂದು ಐದು ಅಕ್ಷರ ಕಲಿತ ಮಗು ಒಂದು ವಸ್ತುವಿನ ಹೆಸರನ್ನಾದರೂ ಓದೀತಾ? ಈ ಐದು ಕಲಿತ ಮಗು ಆಗಲೇ ಓದುತ್ತಿರುತ್ತದೆ. ಜೊತೆಗೆ ಇವು ಬರೆಯಲೂ ಸುಲಭ.

ಸೋಮವಾರ ನಾನು ಬಾಗಿಲಿಗೆ ಬರುವಷ್ಟರಲ್ಲಿ ಮಕ್ಕಳು ಹವಾಮಾನದ ಚಾರ್ಟಿನಲ್ಲಿ ಮೋಡ ಗುರುತು ಮಾಡಿಯಾಗಿತ್ತು. ಗೋಡೆಯ ಮೇಲೆ ಕಲಿಕೆಯ ಏಣಿ. ಮೆಟ್ಟಿಲಿಗೊಂದು ಚಿತ್ರ, ಅದೇ ಚಿತ್ರ ಕಾರ್ಡಿನ ಮೇಲೂ ಇರುತ್ತದೆ. ತಾವು ಎಲ್ಲಿದ್ದೇವೆಂದು ಮಕ್ಕಳೇ ನೋಡಿಕೊಂಡು ಕಾರ್ಡು ತೆಗೆದು, ತಮ್ಮ ಗುಂಪಿನ ತಟ್ಟೆಯ ಸುತ್ತ ಕೂರುತ್ತಾರೆ. ಐದು ತಟ್ಟೆ. ಒಂದರಲ್ಲಿ ಮೇಷ್ಟ್ರು ಪೂರ್ತಿ ಜೊತೆಗಿರಬೇಕು, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ನಾನು ಒಬ್ಬ ಹುಡುಗನನ್ನು ತಪ್ಪು ಜಾಗದಲ್ಲಿ ಕೂರಿಸಿದಾಗ ಎರಡನೇ ತರಗತಿಯ ಹುಡುಗಿಯೊಬ್ಬಳು ಬಂದು ಮೆತ್ತಗೆ, "ಸಾ, ಅವ್ನು ಮೂರ್ನೇ ತಟ್ಟೆ" ಎಂದಳು. ಆ ವಾರವಿಡೀ ನನಗೆ ದಾರಿ ತೋರಿಸಿದವಳು ಅವಳೇ.

ಮಂಗಳವಾರ ಹುಣಸೆಬೀಜ, ಕಡ್ಡಿಕಟ್ಟು, ಹತ್ತರ ಲೆಕ್ಕ. ಅದು ನನ್ನ ಸೀಮೆ, ಸಲೀಸಾಗಿ ನಡೆಯಿತು.

ಬುಧವಾರ ಮಳೆ ಬಿಡಲೇ ಇಲ್ಲ. ಬೆಳಿಗ್ಗೆ ಹಾಲು ಕುಡಿದ ಮೇಲೆ ಒಂದನೇ ತರಗತಿಯವರನ್ನು ಹತ್ತಿರ ಕೂರಿಸಿಕೊಂಡು 'ದಸರ' ಎಂದು ಬರೆದೆ. ಮೂರು ಅಕ್ಷರವನ್ನೂ ಬಿಡಿಬಿಡಿಯಾಗಿ ಓದಿದರು. ಆಮೇಲೆ ಕೂಡಿಸಿ ಓದಿದ ಕೂಡಲೇ ಒಬ್ಬ ಎದ್ದು ನಿಂತು "ಆನೆ!" ಎಂದು ಕೂಗಿದ. ಬಳ್ಳೆ ಆನೆ ಶಿಬಿರ ನಮ್ಮ ತಾಲ್ಲೂಕಿನಲ್ಲೇ ಇದೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಅಲ್ಲಿಯವನೇ. ಅವನು ಈಗಿಲ್ಲ ಅಂತ ಈ ಪುಟ್ಟವರಿಗೂ ಗೊತ್ತು. ಆಮೇಲೆ ಅರ್ಧ ಗಂಟೆ ಆನೆ ಮಾತೇ. ನಾನು ತಡೆಯಲಿಲ್ಲ. ಓದಿದ ಪದ ಒಂದು ಮಗುವನ್ನು ಎದ್ದು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಬ್ಬ ಹುಡುಗ ಮಾತ್ರ ಈ ಗಲಾಟೆಗೆ ಸೇರಿರಲಿಲ್ಲ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಬಳಿದಿದೆ, ಒಬ್ಬೊಬ್ಬರಿಗೆ ಒಂದೊಂದು ಜಾಗ. ಅವನು ತನ್ನ ಜಾಗದ ಮುಂದೆ ಮಂಡಿಯೂರಿ, ಗರಗಸದ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ನಾಲ್ಕು ಅಕ್ಷರದ ಪದ ಒಂದನೇ ತರಗತಿಗೆ ಭಾರ ಅಂತ ನಾನು ಅಂದುಕೊಂಡಿದ್ದೆ. ಅವನಿಗೆ ಅದು ಭಾರವಾಗಿರಲಿಲ್ಲ. "ನಮ್ಮಪ್ಪುಂದು" ಎಂದ. ಅವನ ಅಪ್ಪ ಮರಗೆಲಸದವರು. ಒಂದು ಸಲ ಗ ಬಿಟ್ಟು 'ಗರಸ' ಎಂದಾಯಿತು. ನಾನು ಹೇಳಬೇಕೆನ್ನುವಷ್ಟರಲ್ಲಿ ಅವನೇ ಬೆರಳಿಟ್ಟು ಓದಿಕೊಂಡು, ಅಂಗೈಯಲ್ಲಿ ಒರೆಸಿ, ಮತ್ತೆ ಬರೆದ. ಏಳನೇ ತರಗತಿಯಲ್ಲಿ ತಪ್ಪಿಗೆ ಕೆಂಪು ಪೆನ್ನಿನ ಗುರುತು ಹಾಕಿ ಹಾಕಿ ಅಭ್ಯಾಸವಾದ ನನಗೆ ಆ ಒರೆಸಿದ ಜಾಗ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗುರುವಾರ ಏಳು ಮಕ್ಕಳು ಬರಲಿಲ್ಲ. ಹೊಗೆಸೊಪ್ಪು ಮುರಿಯುವ ಕಾಲ. ಅಪ್ಪ ಅಮ್ಮ ಹೊತ್ತು ಮೂಡುವ ಮುಂಚೆ ಹೊಲಕ್ಕೆ ಹೋದರೆ ಮಕ್ಕಳನ್ನು ಎಬ್ಬಿಸಿ ಕಳಿಸುವವರು ಯಾರು? ಇದು ಪ್ರತಿ ವರ್ಷದ ಕಥೆ, ಪ್ರತಿ ವರ್ಷ ನೋವಾಗುತ್ತದೆ. ಹಾಗೆಂದು ಆ ತಾಯಂದಿರನ್ನು ಬೈಯಲು ನನಗೆ ಮನಸ್ಸಿಲ್ಲ. ಏಣಿ ಪದ್ಧತಿಯಲ್ಲಿ ಒಂದು ಸಮಾಧಾನವಿದೆ. ಶುಕ್ರವಾರ ಬಂದ ಐದು ಜನ ಬುಧವಾರ ಬಿಟ್ಟಿದ್ದ ಮೆಟ್ಟಿಲಿನಿಂದಲೇ ಶುರುಮಾಡಿದರು. ಏಳನೇ ತರಗತಿಯಲ್ಲಾದರೆ ಅವರಿಗೆ ಒಂದು ಪಾಠ ತಪ್ಪಿಹೋಗಿರುತ್ತಿತ್ತು.

ಶುಕ್ರವಾರವೇ ನೆತ್ತಿಯ ಮೇಲಿನ ದಾರದ ಚಪ್ಪರಕ್ಕೆ ಮಕ್ಕಳು ಬರೆದ ಹಾಳೆಗಳನ್ನು ಕಟ್ಟಿದೆವು. ಒಬ್ಬ ಹುಡುಗಿ ನನ್ನ ಚಿತ್ರ ಬರೆದು ಕೆಳಗೆ 'ಸರ' ಎಂದು ಬರೆದಿದ್ದಳು. ಸರ್ ಎಂದು ಬರೆಯುವುದನ್ನು ಅವಳು ಕಲಿಯಲು ಇನ್ನೂ ತುಂಬಾ ಮೆಟ್ಟಿಲುಗಳಿವೆ. ತಿದ್ದಲಿಲ್ಲ, ಹಾಗೇ ಕಟ್ಟಿದೆ.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆಗೆ ಮುಂಚೆ ಗೇಟಿನ ಹತ್ತಿರ ಒಬ್ಬರು ಬೈಕ್ ನಿಲ್ಲಿಸಿದರು. ಗರಗಸದ ಹುಡುಗ ಹಿಂದಿನಿಂದ ಇಳಿದು ಒಳಗೆ ಓಡಿದ. ಅಪ್ಪ ಮಾತ್ರ ಅಲ್ಲೇ ನಿಂತಿದ್ದರು. ಏನಪ್ಪಾ ಎಂದೆ. ಬೈಕಿಗೆ ಕಟ್ಟಿದ್ದ ಚೀಲದಿಂದ ಗರಗಸ ತೆಗೆದು ಹಿಡಿಯ ಕಡೆ ತಿರುಗಿಸಿದರು. ಕೈ ತಾಗಿ ತಾಗಿ ನುಣುಪಾದ ಮರದ ಹಿಡಿಯ ಮೇಲೆ ಪೆನ್ಸಿಲಿನಲ್ಲಿ ಒತ್ತಿ ಬರೆದ ನಾಲ್ಕು ಅಕ್ಷರ.

"ನಂಗೆ ಓದಕ್ ಬರಲ್ಲ ಸಾ. ಸರಿಯಾಗಿ ಬರ್ದವ್ನಾ?"

ಒಂದೊಂದರ ಮೇಲೂ ಬೆರಳಿಟ್ಟು ಓದಿದೆ. ಗ, ರ, ಗ, ಸ. ಸರಿಯಾಗಿದೆ ಎಂದೆ. ಅವರೂ ಬೆರಳಿಟ್ಟರು. ಆಮೇಲೆ ಹಿಡಿಗೆ ಒಂದು ಬಟ್ಟೆ ಸುತ್ತಿ, ಗರಗಸವನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟರು.