ಅದು ನಿನ್ನ ಬಾಲ್ ಕಣೇ

ನಮ್ಮನೇಲಿ ಅವಳನ್ನ ಎಲ್ರೂ ಪಾರ್ಟ್ನರ್ ಅಂತಾನೇ ಕರಿಯೋದು. ನನ್ನ ಮಕ್ಕಳಿಗೆ ಪಾರ್ಟ್ನರ್ ಅತ್ತೆ, ನಮ್ಮವ್ರ ಫೋನಲ್ಲೂ ಹಂಗೇ ಸೇವ್ ಆಗಿದೆ, ನಿಜವಾದ ಹೆಸರು ಹೇಳಿದ್ರೆ ಯಾರಪ್ಪಾ ಅಂತ ಒಂದು ನಿಮಿಷ ಯೋಚನೆ ಮಾಡ್ತಾರೆ. ಕಾಲೇಜಲ್ಲಿ ಮೂರು ವರ್ಷ ನಾವಿಬ್ರೂ ಟೇಬಲ್ ಟೆನ್ನಿಸ್ ಡಬಲ್ಸ್ ಆಡಿದ್ವಿ. ಆಮೇಲೆ ಅವಳು ಮದುವೆಯಾಗಿ ತೀರ್ಥಹಳ್ಳಿಯಿಂದ ಇನ್ನೂ ಒಳಗೆ ತೋಟದ ಮನೆಗೆ ಹೋದ್ಳು, ನಾನು ಶಿವಮೊಗ್ಗದಲ್ಲೇ ಉಳ್ಕೊಂಡೆ.

2024ರ ದಸರಾ. ಅಕ್ಟೋಬರ್ 12 ಶನಿವಾರ ವಿಜಯದಶಮಿ, ಸಂಜೆ ಫ್ರೀಡಂ ಪಾರ್ಕಲ್ಲಿ ಬನ್ನಿ ಮುಡಿಯೋದು ನೋಡ್ಕೊಂಡು ಎಲೆ ಕೈಲಿ ಹಿಡ್ಕೊಂಡು ಆ ಜನರ ಮಧ್ಯೆ ಹೊರಗೆ ಬರ್ತಾ ಫೋನ್ ತೆಗೆದ್ರೆ ಅವಳ ಮೆಸೇಜು: "ಕೊರಿಯಾನ ಸೋಲಿಸಿದ್ರು ಮಾರಾಯ್ತಿ! ಮೆಡಲ್ ಗ್ಯಾರಂಟಿ!!" ನಾನು ಅಲ್ಲೇ ರೋಡಲ್ಲಿ ನಿಂತು ಕಿರುಚಿದೆ, ಪಕ್ಕದಲ್ಲಿದ್ದ ಒಬ್ರು ಅಜ್ಜಿ ನಂಗೆ ಬನ್ನಿ ಕೊಡೋಕೆ ಬಂದೋರು ಹೆದರಿ ಕೈ ಹಿಂದೆ ತಗೊಂಡ್ರು, ಪಾಪ. ಕಾಲು ಮುಟ್ಟಿ ಬನ್ನಿ ತಗೊಂಡೆ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಜಕಿಸ್ತಾನದ ಅಸ್ತಾನಾದಲ್ಲಿ ಏಷ್ಯನ್ ಟೇಬಲ್ ಟೆನ್ನಿಸ್ ಚಾಂಪಿಯನ್‌ಶಿಪ್ ನಡೀತಿತ್ತು. ಐಹಿಕಾ ಮುಖರ್ಜಿ, ಸುತೀರ್ಥಾ ಮುಖರ್ಜಿ ಅಂತ ನಮ್ಮ ಜೋಡಿ. ಅಕ್ಕತಂಗಿ ಅಲ್ಲ, ಸರ್‌ನೇಮ್ ಒಂದೇ ಅಷ್ಟೆ, ಇಬ್ರೂ ಪಶ್ಚಿಮ ಬಂಗಾಳದ ನೈಹಾಟಿ ಅನ್ನೋ ಊರಿನವ್ರು. ಕ್ವಾರ್ಟರ್ ಫೈನಲ್‌ನಲ್ಲಿ ಕೊರಿಯಾದ ಕಿಮ್ ನಯಂಗ್, ಲೀ ಯುನ್‌ಹೆ ಮೇಲೆ ಮೊದಲ ಗೇಮ್ 10-12 ಸೋತು, ಆಮೇಲೆ 11-7, 11-9, 11-8 ಅಂತ ಮೂರೂ ಗೆದ್ದು ಬಂದಿದ್ರು. ಈ ಚಾಂಪಿಯನ್‌ಶಿಪ್ ಈಗಿನ ರೂಪದಲ್ಲಿ ಶುರುವಾಗಿದ್ದು 1972ರಲ್ಲಿ, ಅಲ್ಲಿಂದ ಇಲ್ಲೀವರೆಗೂ ವಿಮೆನ್ಸ್ ಡಬಲ್ಸ್‌ನಲ್ಲಿ ನಮಗೆ ಒಂದು ಮೆಡಲ್ ಬಂದಿರಲಿಲ್ಲ. ಏಷ್ಯಾ ಅಂದ್ರೆ ಟೇಬಲ್ ಟೆನ್ನಿಸ್‌ನಲ್ಲಿ ಹೆಚ್ಚುಕಡಿಮೆ ಇಡೀ ಪ್ರಪಂಚನೇ, ಚೀನಾ ಜಪಾನ್ ಕೊರಿಯಾ ಎಲ್ಲ ಇಲ್ಲೇ ಇದಾವಲ್ಲ.

ಅದೇ ವಾರ ನಮ್ಮ ಹುಡುಗೀರ ಟೀಮಿಗೂ ಕಂಚು ಬಂದಿತ್ತು. ಅದರಲ್ಲೂ ಐಹಿಕಾ, ಕೊರಿಯಾದ ಶಿನ್ ಯುಬಿನ್ನು, ಜಿಯೋನ್ ಜಿಹೀ ಇಬ್ರನ್ನೂ ಸೋಲಿಸಿದ್ಲು. ಆ ವಾರ ಪೂರ್ತಿ ನಂಗೂ ಪಾರ್ಟ್ನರ್‌ಗೂ ಬೇರೆ ಮಾತೇ ಇಲ್ಲ, ಒಲೆ ಮೇಲೆ ಸಾರು ಉಕ್ಕಿದ್ರೂ ಗೊತ್ತಾಗ್ತಿರಲಿಲ್ಲ.

ಭಾನುವಾರ ಸೆಮಿಫೈನಲ್, ಜಪಾನ್ ಮೇಲೆ. ಇದನ್ನ ಒಬ್ಳೇ ಕೂತು ನೋಡೋಕಾಗಲ್ಲ ಅನ್ನಿಸ್ತು, ಬೆಳಿಗ್ಗೆನೇ ಕಾರು ತಗೊಂಡು ಹೊರಟೆ. ಗಾಜನೂರು, ಸಕ್ರೆಬೈಲು ದಾಟೋವರೆಗೂ ಬಿಸಿಲಿತ್ತು, ಮಂಡಗದ್ದೆ ಹತ್ರ ತುಂಗೆ ಪಕ್ಕಕ್ಕೆ ಬರ್ತಿದ್ದಂಗೆ ಮೋಡ ಕಟ್ಟಿ ಚಿತ್ತೆ ಮಳೆ ಹೊಡೀತು ನೋಡಿ, ವೈಪರ್ ಎಷ್ಟು ಜೋರಾಗಿ ಹಾಕಿದ್ರೂ ಎದುರಿಗೆ ಎಂತದೂ ಕಾಣ್ತಿರಲಿಲ್ಲ.

ಅವಳ ಮನೇಲಿ ಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಶೀಟಿನ ಕೆಳಗೆ ಹಸಿ ಅಡಿಕೆ ಗೊನೆ ರಾಶಿ, ಐದಾರು ಜನ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿದ್ರು, ಹಂಡೆಯಿಂದ ಅಡಿಕೆ ಬೇಯಿಸೋ ಚೊಗರಿನ ವಾಸನೆ. ಇನ್ನು ಮಹಡಿ ಮೇಲೆ ಅವಳ ಟೇಬಲ್ಲು. ಮದುವೆಯಾಗಿ ಹತ್ತು ವರ್ಷ ಆದ್ಮೇಲೆ ಹಟ ಮಾಡಿ ಸೆಕೆಂಡ್ ಹ್ಯಾಂಡಲ್ಲಿ ತರಿಸಿದ್ದು, ಒಂಬತ್ತಡಿ ಉದ್ದ ಐದಡಿ ಅಗಲ. ಅವಳ ಅತ್ತೆ ಮೊದಲು ಬೈದ್ರಂತೆ, ಆಮೇಲೆ ಅಡಿಕೆ ಹರವೋಕೆ ಇಷ್ಟು ಚೆನ್ನಾಗಿರೋ ಜಾಗ ಇನ್ನೊಂದಿಲ್ಲ ಅಂತ ಅವರಿಗೇ ಇಷ್ಟ ಆಯ್ತು. ನಾನು ಹೋದಾಗ್ಲೂ ಅದರ ಮೇಲೆ ಗೋಣಿ ಹಾಸಿ ಬೇಯಿಸಿದ ಅಡಿಕೆ ಹರವಿದ್ರು, ಆ ಕೆಂಪು ಅಡಿಕೆ ನಡುವೆ ನೆಟ್ಟಿನ ಕ್ಲ್ಯಾಂಪು ಮಾತ್ರ ಎದ್ದು ನಿಂತಿತ್ತು.

ಅಸ್ತಾನಾ ಟೈಮು ನಮಗಿಂತ ಬರೀ ಅರ್ಧ ಗಂಟೆ ಹಿಂದೆ. ನಾವಿಬ್ರೂ ಸುಲಿಯೋರ ಜೊತೆನೇ ಕೂತ್ವಿ, ಮಧ್ಯೆ ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಫೋನು. ವಿಡಿಯೋ ಅಂತೂ ಆ ನೆಟ್‌ವರ್ಕಲ್ಲಿ ಬರೋದಿಲ್ಲ, ಸ್ಕೋರ್ ಮಾತ್ರ. ಕರೆಂಟ್ ಬೆಳಿಗ್ಗೆನೇ ಹೋಗಿತ್ತು, ವೈಫೈ ಇಲ್ಲ.

ಜಪಾನ್ ಜೋಡಿ ಯಾರು ಗೊತ್ತಾ, ಮಿವಾ ಹರಿಮೊಟೊ, ಮಿಯು ಕಿಹರಾ. ಮಿವಾಗೆ ಆಗಿನ್ನೂ 16 ವರ್ಷ. ಆದ್ರೆ ಇದೇ ಜೋಡೀನ ನಮ್ಮೋರು 2023ರ ಜೂನಲ್ಲಿ ಟ್ಯುನಿಸಲ್ಲಿ ನಡೆದ ಟೂರ್ನಮೆಂಟಿನ ಫೈನಲ್‌ನಲ್ಲಿ 3-1ರಿಂದ ಸೋಲಿಸಿ ಟೈಟಲ್ ಗೆದ್ದಿದ್ರು, ಅದಕ್ಕೇ ನಮಗೆ ಅಷ್ಟು ಆಸೆ. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಚೀನಾದ ಚೆನ್ ಮೆಂಗ್, ವಾಂಗ್ ಯಿದಿನ, ಅಂದ್ರೆ ವರ್ಲ್ಡ್ ಚಾಂಪಿಯನ್ ಜೋಡೀನ, ಅವರ ನೆಲದಲ್ಲೇ 11-5, 11-5, 5-11, 11-9 ಅಂತ ಮನೆಗೆ ಕಳಿಸಿದ್ರು. ಆ ದಿನ ಪಾರ್ಟ್ನರ್ ಫೋನಲ್ಲಿ ಅತ್ತಿದ್ದು ನಂಗಿನ್ನೂ ಕಿವೀಲಿದೆ. ಸೆಮೀಲಿ ಉತ್ತರ ಕೊರಿಯಾ ಮೇಲೆ ಏಳನೇ ಗೇಮ್‌ವರೆಗೂ ಹೋಗಿ ಸೋತು ಕಂಚು ತಂದ್ರು.

ಇವರಿಬ್ರ ಆಟದಲ್ಲಿ ನಂಗೆ ತುಂಬಾ ಇಷ್ಟ ಆಗೋದು ಒಬ್ಬರಿಗೊಬ್ರು ಮಾಡಿಕೊಡೋ ಕೆಲಸ. ಡಬಲ್ಸ್‌ನಲ್ಲಿ ಒಂದು ಬಾಲ್ ನಾನು ಹೊಡೆದ್ರೆ ಮುಂದಿಂದು ಪಾರ್ಟ್ನರ್ ಹೊಡೀಬೇಕು, ಎಷ್ಟೇ ಸುಲಭವಾಗಿ ಬಂದ್ರೂ ಸರಿ ನಾನು ಎರಡು ಸಲ ಮುಟ್ಟೋಹಂಗಿಲ್ಲ. ಬ್ಯಾಡ್ಮಿಂಟನ್ ಥರ ಯಾರ ಹತ್ರ ಬಂತೋ ಅವರು ಹೊಡಿಯೋದಲ್ಲ ಇದು. ಅದಕ್ಕೆ ಹೊಡಿಯೋದಕ್ಕಿಂತ ಹೊಡೆದು ಸರಿಯೋದು ಕಷ್ಟ. ಹೊಡೆದ ತಕ್ಷಣ ಜಾಗ ಬಿಡಬೇಕು, ಹಿಂದೆಯಿಂದ ಸುತ್ತಿ ಬರಬೇಕು, ಅವಳ ಕಣ್ಣಿಗೆ ಅಡ್ಡ ಬರಬಾರದು. ಐಹಿಕಾ ಬ್ಯಾಟಿನ ಬ್ಯಾಕ್‌ಹ್ಯಾಂಡ್ ಕಡೆ ಆಂಟಿ-ಸ್ಪಿನ್ ರಬ್ಬರ್ ಇದೆ, ಎದುರಿನವರು ಎಷ್ಟೇ ಸ್ಪಿನ್ ಹಾಕಿ ಕಳಿಸಿದ್ರೂ ಅದು ಹಿಡ್ಕೊಳ್ಳೋದಿಲ್ಲ, ಬಾಲ್ ಸತ್ತಂಗೆ ವಾಪಸ್ ಹೋಗುತ್ತೆ. ಎದುರಿನವರು ಅದನ್ನ ಹೆಂಗೆ ಎತ್ತೋದು ಅಂತ ತಡಕಾಡಿ ಒಂಚೂರು ಸಡಿಲ ಬಾಲ್ ಕೊಟ್ರೆ ಸಾಕು, ಅದು ಹೊಡಿಯೋ ಸರದಿ ಸುತೀರ್ಥಾಂದು. ಅಂದ್ರೆ ಐಹಿಕಾ ಆಡೋದು ತನ್ನ ಪಾಯಿಂಟ್ ಅಲ್ಲ, ಮುಂದೆ ಇನ್ನೊಬ್ಳು ಹೊಡಿಯೋ ಪಾಯಿಂಟ್. ಬಾಲ್ ತೂಕ 2.7 ಗ್ರಾಂ, ಅಷ್ಟು ಹಗುರದ್ದನ್ನ ಇಟ್ಕೊಂಡು ಇಬ್ರು ಇಷ್ಟೆಲ್ಲ ನಂಬಿಕೆ ಕಟ್ಕೋಬೇಕು.

ಮೊದಲ ಗೇಮ್ 4-11. ಪಾರ್ಟ್ನರ್ ಏನೂ ಮಾತಾಡಲಿಲ್ಲ, ಸುಲಿಯೋದು ಸ್ವಲ್ಪ ಜೋರಾಯ್ತು ಅಷ್ಟೆ. ಎರಡನೇ ಗೇಮ್ ನಡೀತಿದ್ದಂಗೆ ಪೇಜು ತಿರುಗ್ತಾ ತಿರುಗ್ತಾ ನಿಂತೇ ಹೋಯ್ತು. "ಬಾ ಧರೆ ಮೇಲೆ ಹೋಗಣ, ಅಲ್ಲಿ ಎರಡು ಕಡ್ಡಿ ಸಿಗುತ್ತೆ" ಅಂದ್ಳು. ಒಂದೇ ಕೊಡೇಲಿ ಇಬ್ರೂ ಹಿತ್ಲು ಹಿಂದಿನ ದಿಬ್ಬ, ಆ ಧರೆ ಹತ್ತಿದ್ವಿ, ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದು ಆಮೇಲೆ ಗೊತ್ತಾಗಿದ್ದು. ಅಲ್ಲಿ ಹಲಸಿನ ಮರದ ಕೆಳಗೆ ಫೋನ್ ಮೇಲೆತ್ತಿ ಹಿಡ್ಕೊಂಡು ನಿಂತಾಗ ಪೇಜ್ ಓಪನ್ ಆಯ್ತು, 9-11. ಇನ್ನೊಂದು ಗೇಮ್ ಸೋತ್ರೆ ಮ್ಯಾಚೇ ಹೋಗ್ತಿತ್ತು. ನಾನು ಕೊಡೆ ಹಿಡ್ಕೊಂಡಿದ್ದೆ, ಅವಳು ರಿಫ್ರೆಶ್ ಮಾಡ್ತಾನೇ ಇದ್ಳು, ಬೆರಳಲ್ಲಿ ಅಡಿಕೆ ಕಲೆ ಹತ್ತಿ ಒದ್ದೆಯಾಗಿ ಸ್ಕ್ರೀನ್ ಸರಿಯಾಗಿ ತಗೋತಿರಲಿಲ್ಲ, ಸೆರಗಲ್ಲಿ ಒರೆಸಿ ಒರೆಸಿ ಒತ್ತೋಳು.

ಮೂರನೇದೂ 9-11. ಮುಗೀತು, 0-3.

ಎರಡು ಗೇಮ್ ಎರಡೆರಡು ಪಾಯಿಂಟಲ್ಲಿ ಹೋಯ್ತಲ್ಲ, ಹೊಟ್ಟೆ ಉರೀತು. ಆಡಿದೋರಿಗೆ ಗೊತ್ತು, 9ರ ಹತ್ರ ಒಂದು ಬಾಲ್ ಹಿಂದುಮುಂದು ಆದ್ರೆ ಇಡೀ ಮ್ಯಾಚೇ ಬೇರೆ ಆಗುತ್ತೆ. ಹಂಗಂತ ನಂಗೆ ಅವರ ಮೇಲೆ ಒಂದು ಚೂರೂ ಬೇಜಾರಿಲ್ಲ. 2021ರಲ್ಲಿ ಹ್ಯೂಸ್ಟನ್ ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲಿ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್, ಮಣಿಕಾ ಬಾತ್ರಾ ಜೋಡಿ ಕ್ವಾರ್ಟರ್ ಫೈನಲ್‌ವರೆಗೂ ಹೋಗಿ ಇನ್ನೊಂದು ಮ್ಯಾಚ್ ಗೆದ್ದಿದ್ರೆ ಮೆಡಲ್ ಅನ್ನೋ ಕಡೆ ಸೋತಾಗ್ಲೂ ಹಿಂಗೇ ಸಂಕಟ ಆಗಿತ್ತು.

ಧರೆ ಮೇಲೆ ಮಳೆ ಇನ್ನೂ ಬರ್ತಿತ್ತು, ಇಬ್ರೂ ಇಳಿಯೋ ಮನಸ್ಸು ಮಾಡಲಿಲ್ಲ. ನಂಗೆ ಆಗ ನೆನಪಾಗಿದ್ದು 1997. ನಮ್ಮ ಇಂಟರ್‌ಕಾಲೇಜ್ ಫೈನಲ್ಲು. ಆಗ 21 ಪಾಯಿಂಟಿನ ಗೇಮು, ಐದೈದು ಸರ್ವೀಸು, ಬಾಲೂ 38 ಮಿಲಿಮೀಟರಿಂದು, 40ರ ಬಾಲ್, 11ರ ಗೇಮ್ ಎಲ್ಲ ಆಮೇಲೆ ಬಂದಿದ್ದು. ಮೂರನೇ ಗೇಮ್ 19-19. ನಾನು ಒಂದು ಬಾಲ್ ತಳ್ಳಿದೆ, ಎದುರಿನ ಹುಡುಗಿ ಅದನ್ನ ಎತ್ತಿದ್ಳು, ಬಾಲ್ ಮೇಲೆ ಹೋಗಿ ನಿಧಾನಕ್ಕೆ ನನ್ನ ಮುಂದೇನೇ ಇಳೀತಾ ಬಂತು, ಅಷ್ಟು ಚಂದದ ಬಾಲ್ ಆ ಟೂರ್ನಮೆಂಟಲ್ಲೇ ಬಂದಿರಲಿಲ್ಲ. ಹೊಡೆದೆ. ಟೇಬಲ್ ಮೂಲೆಗೆ ಬಿದ್ದು ಗೋಡೆಗೆ ಹೋಯ್ತು, ನಾನು ಎರಡೂ ಕೈ ಮೇಲೆತ್ತಿದ್ದೆ, ತಿರುಗಿ ನೋಡಿದ್ರೆ ಅಂಪೈರ್ ಪಾಯಿಂಟ್ ಅವರಿಗೆ ಕೊಟ್ಟಾಗಿತ್ತು. ಅದು ನನ್ನ ಬಾಲ್ ಆಗಿರಲಿಲ್ಲ, ಅವಳದು. ಮುಂದಿನ ಪಾಯಿಂಟೂ ಹೋಯ್ತು, 19-21. ಬಸ್ಸಲ್ಲಿ ವಾಪಸ್ ಬರುವಾಗ ಅವಳು ತಿಂಡಿ ಕಟ್ಟಿಸ್ಕೊಂಡು ಬಂದು ಅರ್ಧ ನಂಗೆ ಕೊಟ್ಳು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಎತ್ತಲಿಲ್ಲ. 27 ವರ್ಷ!

ಆವತ್ತು ಧರೆ ಮೇಲೆ ಹೇಳಿಬಿಟ್ಟೆ. "ಆ ಬಾಲ್ ನಿಂದು ಕಣೇ, ನಾನು ಹೊಡೀಬಾರ್ದಿತ್ತು."

ಅವಳು ಫೋನ್ ಸೆರಗಲ್ಲಿ ಒರೆಸ್ತಾನೇ ಇದ್ಳು. "ನೀನು ಹೊಡೀದೆ ಇದ್ರೆ ಯಾರು ಹೊಡೀತಿದ್ರು? ನಾನಂತೂ ಅಲ್ಲಿರಲೇ ಇಲ್ಲ" ಅಂದ್ಳು.

"ಎಂತ?"

"ಆ ಬಾಲ್ ಮೇಲೆ ಹೋಗಿದ್ದು ನೋಡಿದ್ನಲ್ಲ ಮಾರಾಯ್ತಿ, 19-19, ಎಲ್ರೂ ನೋಡ್ತಿದಾರೆ, ಇದನ್ನ ಬಿಟ್ರೆ ಮುಗೀತು ಅಂತ ಕೈಕಾಲು ತಣ್ಣಗಾಯ್ತು. ಹಿಂದಕ್ಕೆ ಸರಿದೆ. ಹೊಡೆದ ಮೇಲೆ ಸರಿಯೋದು ಕಲಿಸಿದ್ರಲ್ಲ ನಮಗೆ, ನಾನು ಹೊಡಿಯೋಕೆ ಮೊದ್ಲೇ ಸರಿದೆ. ನೀನು ಹೊಡೆದಿದ್ದು ನೋಡಿ ನಂಗೆ ಒಂದು ಕ್ಷಣ ಸಮಾಧಾನ ಆಯ್ತು. ಅದನ್ನ ನಿಂಗೆ ಹೆಂಗೆ ಹೇಳೋದು ಅಂತಾನೇ ಸುಮ್ಮನಿದ್ದೆ."

ನಂಗೆ ಎಂತ ಹೇಳಬೇಕು ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ಬಾಲ್‌ನ ನಾನೊಬ್ಳೇ ಹೊತ್ಕೊಂಡಿದೀನಿ ಅನ್ಕೊಂಡಿದ್ದೆ. ಕೊಡೆ ಅವಳ ಕಡೆ ಸ್ವಲ್ಪ ಜಾಸ್ತಿ ವಾಲಿಸಿದೆ, ಅವಳು ಅದನ್ನ ಮತ್ತೆ ನನ್ನ ಕಡೆ ತಳ್ಳಿದ್ಳು, ಹಂಗೇ ಇಳಿದು ಬಂದ್ವಿ.

ಅಂಗಳಕ್ಕೆ ಬರ್ತಿದ್ದಂಗೆ ಅವಳ ಅತ್ತೆ, "ಏನೇ, ಗೆದ್ರಾ?"

"ಇಲ್ಲ ಅತ್ತೆ, ಸೋತ್ರು. ಕಂಚು ಬಂತು."

"ಸೋತ್ರೂ ಕೊಡ್ತಾರಾ?"

ನಾನು ಅವರ ಪಕ್ಕ ಕೂತು ಹೇಳಿದೆ, ಅಮ್ಮ, ಇದರಲ್ಲಿ ಮೂರನೇ ಸ್ಥಾನಕ್ಕೆ ಬೇರೆ ಮ್ಯಾಚ್ ಆಡಿಸಲ್ಲ, ಸೆಮೀಲಿ ಸೋತ ಎರಡೂ ಜೋಡಿಗೂ ಕಂಚು ಕೊಡ್ತಾರೆ, ಅಲ್ಲೀವರೆಗೂ ಬರೋದೇ ಅಷ್ಟು ಕಷ್ಟ, ನಮ್ಮ ದೇಶದಿಂದ ಹೆಂಗಸರ ಡಬಲ್ಸಲ್ಲಿ ಇವರೇ ಮೊದಲು ಅಂತ. ಅವರು ಸುಲಿಯೋದು ನಿಲ್ಲಿಸಿ ಕೇಳಿಸ್ಕೊಂಡ್ರು. "ಹಂಗಾರೆ ಒಳ್ಳೇದೇ ಆಯ್ತಲ್ಲ, ಮತ್ತೆ ಮುಖ ಯಾಕೆ ಹಿಂಗೆ ಮಾಡ್ಕೊಂಡಿದೀರ, ಪಾಯಸ ಇದೆ ತಿನ್ನಿ" ಅಂದ್ರು. ಹಬ್ಬದ ದಿನದ್ದು, ಬಿಸಿ ಮಾಡಿ ಕೊಟ್ರು.

ಸಂಜೆ ಮಳೆ ನಿಂತ್ಮೇಲೆ ಮಹಡಿ ಮೇಲೆ ಹೋದ್ವಿ. ಅಡಿಕೆ ಎಲ್ಲ ಗೋಣಿ ಸಮೇತ ಕೆಳಗಿಳಿಸಿ ಒಂದು ಮೂಲೆಗೆ ರಾಶಿ ಮಾಡಿದ್ವಿ, ನೆಟ್ ಕಟ್ಟಿದ್ವಿ, ಟೇಬಲ್ಲಿನ ಮೇಲೆ ಚೊಗರಿನ ಕೆಂಪು ಕಲೆ ಎಷ್ಟು ಉಜ್ಜಿದ್ರೂ ಹೋಗಲಿಲ್ಲ, ಮಧ್ಯದ ಬಿಳಿ ಗೆರೆ ಅರ್ಧ ಕಾಣೋದೇ ಇಲ್ಲ. ಎದುರಿಗೆ ಅವಳ ಮಗ, ಮೈದುನನ ಮಗ, ಇಬ್ರೂ ಪಿಯುಸಿ ಹುಡುಗ್ರು. ನಮ್ಮ ಮಂಡಿ ಮೊದಲಿನಂಗಿಲ್ಲ, ಆದ್ರೆ ಸುತ್ತಿ ಬರೋದು ಕಾಲಿಗೆ ನೆನಪಿತ್ತು, ಅವಳು ಹೊಡೆದು ಎಡಕ್ಕೆ ಹೋದ್ರೆ ನಾನು ನೋಡದೇನೇ ಬಲಗಡೆಯಿಂದ ಒಳಗೆ ಬರ್ತಿದ್ದೆ. 7-7ರಲ್ಲಿ ಹುಡುಗ ಒಂದು ಬಾಲ್ ಎತ್ತಿಬಿಟ್ಟ, ಬಾಲ್ ಮೇಲೆ ಹೋಗಿ ಹೆಂಚಿನ ಜಂತಿಗೆ ತಗಲೋದು ಒಂದೇ ಬಾಕಿ.

"ನಿಂದು!" ಅಂತ ಕಿರುಚಿ ನಾನು ಗೋಡೆಗೆ ಅಂಟ್ಕೊಂಡೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೋಳು ಒಂದು ಹೆಜ್ಜೆ ಮುಂದೆ ಬಂದು ಹೊಡೆದ್ಳು ನೋಡಿ. ಬಾಲ್ ಟೇಬಲ್ ಮೇಲೆ ಬಿದ್ದು ಹುಡುಗರ ಮಧ್ಯದಿಂದ ಹಾರಿ ಸೀದಾ ಅಡಿಕೆ ರಾಶಿ ಒಳಗೆ. ಮನೇಲಿ ಇದ್ದಿದ್ದು ಅದೊಂದೇ ಬಾಲು. ಕರೆಂಟ್ ಇನ್ನೂ ಬಂದಿರಲಿಲ್ಲ, ನಾಲ್ಕೂ ಜನ ಮೊಬೈಲ್ ಟಾರ್ಚ್ ಹಾಕ್ಕೊಂಡು ಆ ರಾಶಿ ಮುಂದೆ ಮಂಡಿಯೂರಿ ಕೂತು ಅಡಿಕೆ ಸರಿಸ್ತಾ ಹುಡುಕ್ತಿದ್ರೆ, ಕೆಳಗಿಂದ ಅವಳ ಅತ್ತೆ ಕೂಗ್ತಿದ್ರು, ಈಗ್ಲಾದ್ರೂ ಗೆದ್ರಾ ಅಂತ.